ಕೆನೆಯಿಲ್ಲದ ಕೆನೆ ಸೂಪು

ಸೂಪು ಅಂದರೆ ಏನು ಮಹಾ? ತರಕಾರಿ ಬೇಯಿಸುವುದು, ರುಬ್ಬುವುದು, ಉಪ್ಪು ಮೆಣಸು ಹಾಕುವುದು, ಕುಡಿಯುವುದು. ಇದರಲ್ಲಿ ಕೊನೆಯದನ್ನು ನಾನು ಎಷ್ಟೋ ವರ್ಷಗಳಿಂದ ಯಾವ ದೂರಿಗೂ ಆಸ್ಪದವಿಲ್ಲದಂತೆ ನಿರ್ವಹಿಸಿಕೊಂಡು ಬಂದಿದ್ದೇನೆ. ಮಿಕ್ಕದ್ದನ್ನು ಕಲಿಯುವುದು ಎಷ್ಟು ಹೊತ್ತಿನ ಕೆಲಸ!

ಹೀಗೆ ಅಂದುಕೊಂಡೇ ನಾನು ಆ ಶನಿವಾರ ಬೆಳಿಗ್ಗೆ ಹೆಂಡತಿಯ ಏಪ್ರನ್ ಕಟ್ಟಿಕೊಂಡದ್ದು.

ನಾನು ಮೈಸೂರಿನವನು. ಕೊಚ್ಚಿಯ ಒಂದು ವಿಮಾ ಕಂಪನಿಯಲ್ಲಿ ಅಪಘಾತದ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ಜನ ಗಾಡಿ ಗುದ್ದಿಸಿಕೊಂಡು, ಮನೆ ಸುಟ್ಟುಕೊಂಡು, ಅದು ಹೇಗಾಯಿತು ಎಂದು ಬರೆದು ಕಳಿಸುತ್ತಾರೆ. ನಾನು ತಂಪು ಕೋಣೆಯಲ್ಲಿ ಕೂತು "ಮುನ್ನೆಚ್ಚರಿಕೆ ವಹಿಸಿದ್ದರೆ ತಪ್ಪಿಸಬಹುದಾಗಿತ್ತು" ಎಂದು ಷರಾ ಬರೆಯುತ್ತೇನೆ. ಕಲೂರಿನಲ್ಲಿ ನಮ್ಮ ಫ್ಲ್ಯಾಟು. ಮನೆಯಲ್ಲಿ ಹೆಂಡತಿ ಮಾಲಿನಿ, ಮಗಳು ಅನಘ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆದರೆ ಉತ್ತರ ಬರುವುದು ಮಲಯಾಳದಲ್ಲಿ. ಕೋಪ ಬಂದರೆ ಇಂಗ್ಲಿಷಿನಲ್ಲಿ.

ನನ್ನ ತಂಗಿ ವಿದ್ಯಾ ತಿರುವನಂತಪುರದ ಐಟಿ ಪಾರ್ಕಿನಲ್ಲಿದ್ದಾಳೆ. ಅಲ್ಲೇ ಅವಳು ಸುಹಾಸ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ತುಂಬ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ. ರಾಕೆಟ್ಟಿನ ಯಾವುದೋ ಒಂದು ಭಾಗ ಕಳಚಿ ಬೀಳಬೇಕಾದಾಗ ಸರಿಯಾಗಿ ಕಳಚಿ ಬೀಳುವಂತೆ ನೋಡಿಕೊಳ್ಳುವುದು ಅವನ ಕೆಲಸವಂತೆ. ಅವನ ತಂದೆ ತಾಯಿ ಮೂಲತಃ ಕಾಸರಗೋಡಿನವರು, ತಿರುವನಂತಪುರದಲ್ಲಿ ನೆಲೆಸಿ ಬಹಳ ಕಾಲವಾಗಿದೆ. ಅವರು ಕೊಚ್ಚಿ ಪಕ್ಕದ ಆಲುವದ ನೆಂಟರ ಗೃಹಪ್ರವೇಶಕ್ಕೆ ಬಂದವರು ಶನಿವಾರ ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರುವುದೆಂದು ಗೊತ್ತಾಯಿತು. ಹುಡುಗನಿಗೂ ವಿದ್ಯಾಳಿಗೂ ರಜೆ ಇಲ್ಲ. ನಮ್ಮ ತಂದೆ ತೀರಿಹೋಗಿದ್ದಾರೆ, ಅಮ್ಮನಿಗೆ ಮಂಡಿನೋವು, ಮೈಸೂರು ಬಿಟ್ಟು ಹೊರಡುವಂತಿಲ್ಲ. ಹೀಗಾಗಿ ಹುಡುಗಿಯ ಕಡೆಯ ಹಿರಿಯ ಎಂಬ ಪಟ್ಟ ಅನಾಯಾಸವಾಗಿ ನನ್ನ ತಲೆಗೆ ಬಂತು.

ವಿದ್ಯಾ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದಳು: "ಅಣ್ಣ, ಸುಹಾಸನ ಅಮ್ಮನಿಗೆ ಹಾಲು ಆಗಲ್ಲ. ಮೊಸರು, ತುಪ್ಪ, ಬೆಣ್ಣೆ ಯಾವುದೂ ಆಗಲ್ಲ. ಸ್ವಲ್ಪ ಹೋದ್ರೂ ಗಂಟಲು ಊದಿಕೊಳ್ಳುತ್ತೆ. ಒಂದ್ಸಲ ಆಸ್ಪತ್ರೆಗೇ ಸೇರಿಸಿದ್ರಂತೆ. ಎಲ್ಲಾ ಅತ್ತಿಗೆಗೆ ಹೇಳಿದ್ದೀನಿ. ನೀನು ದಯವಿಟ್ಟು ಏನೂ ಮಾಡ್ಬೇಡ."

"ನಾನೇನು ಮಾಡ್ತೀನಿ?"

"ಅದೇ, ಅದನ್ನೇ ಮಾಡ್ಬೇಡ ಅಂತಿರೋದು." ಆಮೇಲೆ ಅವಳೇ ಕನಿಕರದಿಂದ ಸೇರಿಸಿದಳು: "ಪಾಪ, ಅವರಿಗೆ ಕ್ರೀಮ್ ಸೂಪ್ ಅಂದ್ರೆ ಪ್ರಾಣವಂತೆ. ಈ ಕಾಯಿಲೆ ಬಂದ ಮೇಲೆ ಕುಡಿದೇ ಇಲ್ಲವಂತೆ."

ತಂಗಿ ಮಾತಿಗೆ ಹೇಳಿದ್ದು. ನಾನು ಅದನ್ನು ದೈವಾಜ್ಞೆ ಎಂದು ತೆಗೆದುಕೊಂಡೆ.

"ಕೆನೆ ಹಾಕದೆ ಕೆನೆ ಸೂಪು ಹೇಗ್ರೀ ಮಾಡ್ತೀರಾ?" ಎಂದು ಮಾಲಿನಿ ಕೇಳಿದಳು.

"ಅದೇ ಕಣೇ ಸ್ವಾರಸ್ಯ. ಗೋಡಂಬಿ ನೆನೆಸಿ ನುಣ್ಣಗೆ ರುಬ್ಬಿ ಹಾಕಿದ್ರೆ ಕೆನೆ ಥರಾನೇ ಇರುತ್ತೆ. ಜೊತೆಗೆ ಸಿಹಿಕುಂಬಳ. ಬೆಂದರೆ ಬೆಣ್ಣೆ! ವಿಡಿಯೊ ನೋಡಿದ್ದೀನಿ."

"ವಿಡಿಯೊ ನೋಡಿಯೇ ಅಲ್ವಾ ಹೋದ ಸಲ ನಲ್ಲಿ ರಿಪೇರಿ ಮಾಡಿದ್ದು?"

"ಅದು ಬೇರೆ ಇಲಾಖೆ."

"ಹಾಗಂತ ಕೆಳಗಿನ ಮನೆ ರೋಸಮ್ಮ ಚೇಚಿಗೆ ಹೇಳಿ. ಅವರ ಸೀಲಿಂಗ್ ಇನ್ನೂ ಒಣಗಿಲ್ಲ."

ಆದರೂ ಮಾಲಿನಿ ದೊಡ್ಡ ಮನಸ್ಸಿನವಳು. ಶನಿವಾರ ಬೇಗ ಎದ್ದು ತುಪ್ಪದ ಬದಲು ಎಣ್ಣೆ ಹಾಕಿ ಬಿಸಿಬೇಳೆಬಾತು, ಹುರುಳಿಕಾಯಿ ಪಲ್ಯ, ತೆಂಗಿನಹಾಲಿನಲ್ಲಿ ಕಡಲೆಬೇಳೆ ಪಾಯಸ ಎಲ್ಲ ಮಾಡಿಟ್ಟಳು. ಹಿರಿಯರನ್ನು ಆಲುವಕ್ಕೇ ಹೋಗಿ ಮೆಟ್ರೋದಲ್ಲಿ ಕರೆದುಕೊಂಡು ಬರುವುದು ಮರ್ಯಾದೆ, ಅದು ನೀವು ಮಾಡಬೇಕಾದ್ದು ಎಂದಳು. ಸೂಪು ಬಿಟ್ಟು ಹೇಗೆ ಹೋಗಲಿ ಎಂದೆ ನಾನು. ಕೊನೆಗೆ ಅವಳೇ ಅನಘಳನ್ನು ಕರೆದುಕೊಂಡು ಹೊರಟಳು. ಚಪ್ಪಲಿ ಮೆಟ್ಟುತ್ತಾ ತಿರುಗಿ ನೋಡಿದಳು.

"ರೀ, ಸಿಹಿಕುಂಬಳಕ್ಕೆ ಇಲ್ಲಿ ಮತ್ತಂಗ ಅಂತಾರೆ. ನೆನಪಿರಲಿ."

"ಇಷ್ಟು ವರ್ಷದಿಂದ ಇಲ್ಲಿದ್ದೀನಿ. ನನಗೆ ಮಲಯಾಳ ಹೇಳಿಕೊಡ್ತೀಯಾ?"

ತರಕಾರಿ ಅಂಗಡಿಯಲ್ಲಿ ಶನಿವಾರದ ನೂಕುನುಗ್ಗಲು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು "ಕುಂಬಳಂಗ". ಕನ್ನಡದ ಕುಂಬಳಕ್ಕೆ ಮಲಯಾಳದ ಬಾಲ ಅಂಟಿಸಿದ ಹೆಮ್ಮೆಯಿಂದ ಗಟ್ಟಿಯಾಗಿಯೇ ಕೇಳಿದೆ. ಅಂಗಡಿಯವನು ಮರುಮಾತಿಲ್ಲದೆ ಒಳಗೆ ಹೋಗಿ ದೊಡ್ಡ ಹೋಳೊಂದನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಕ್ಯಾರೆಟ್, ಈರುಳ್ಳಿ, ಬೆಳ್ಳುಳ್ಳಿ ತೆಗೆದುಕೊಂಡು ವಿಜಯಿಯಾಗಿ ಮನೆಗೆ ಬಂದೆ.

ಕಾಗದ ಬಿಚ್ಚಿದೆ. ಒಳಗೆ ಬೆಳ್ಳಗೆ ಕೂತಿತ್ತು ಬೂದುಗುಂಬಳ!

ಮತ್ತೆ ಅಂಗಡಿಗೆ ಓಡಬಹುದಿತ್ತು. ಆದರೆ ಏಪ್ರನ್ ಕಟ್ಟಿಕೊಂಡೇ ಒಮ್ಮೆ ಬೀದಿ ಸುತ್ತಿ ಬಂದದ್ದು ಆಗ ಗಮನಕ್ಕೆ ಬಂತು. ಇನ್ನೊಮ್ಮೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ಕುಂಬಳ ಕುಂಬಳವೇ, ಬಣ್ಣ ಒಂದು ಬೇರೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಬಣ್ಣಕ್ಕೇನು, ಅರಿಶಿನ ಇಲ್ಲವೇ? ಕ್ಯಾರೆಟ್ಟಿನ ಜೊತೆ ಹೋಳುಗಳನ್ನು ಬೇಯಲು ಇಟ್ಟು ಧಾರಾಳವಾಗಿ ಅರಿಶಿನ ಸುರಿದೆ. ಕುದಿ ಬಂದಾಗ ಪಾತ್ರೆಯಲ್ಲಿ ಅಪ್ಪಟ ಚಿನ್ನದ ಬಣ್ಣ. ಆದರೆ ಬೂದುಗುಂಬಳ ತನ್ನ ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ಹೊರಗೆ ಬಿಟ್ಟಿತ್ತು. ನೋಡಲು ಅದು ಸೂಪಿನಂತಿರಲಿಲ್ಲ, ಹೋಳಿಹಬ್ಬದ ಬಣ್ಣದ ನೀರಿನಂತಿತ್ತು.

ಇರಲಿ, ನೆನೆಸಿದ ಗೋಡಂಬಿ ಇದೆಯಲ್ಲ! ಬಟ್ಟಲು ತೆಗೆದೆ. ಬಟ್ಟಲಲ್ಲಿ ನೀರು ಮಾತ್ರ ಇತ್ತು.

ಮಾಲಿನಿಗೆ ಫೋನ್ ಮಾಡಿದೆ. ಮೆಟ್ರೋದ ಸದ್ದಿನ ನಡುವೆ ಅವಳು ಮಗಳನ್ನು ವಿಚಾರಿಸಿದ್ದು ಕೇಳಿಸಿತು. ಆಮೇಲೆ ಮಗಳೇ ಫೋನಿಗೆ ಬಂದಳು. "ಅದು ಞಾನ್ ತಿನ್ನು ಅಪ್ಪಾ. ನಲ್ಲ ಸಾಫ್ಟ್ ಆಯಿರುನ್ನು!" ನಾನು ತಿಂದೆ ಅಪ್ಪಾ, ತುಂಬಾ ಮೆತ್ತಗಿತ್ತು ಎಂದು. ನೆನೆಸಿಟ್ಟವನಿಗೆ ಮೆಚ್ಚುಗೆ ಬೇರೆ!

"ಬಿಟ್ಟುಬಿಡ್ರೀ ಸೂಪು," ಎಂದಳು ಮಾಲಿನಿ. "ಊಟ ಇದೆಯಲ್ಲ."

"ತೆಂಗಿನಹಾಲು ಉಳಿದಿದೆಯಾ?"

"ಎಲ್ಲ ಪಾಯಸಕ್ಕೆ ಹಾಕಿದೆ. ನೀವು ಬಿಟ್ಟುಬಿಡಿ."

ಬಿಡುವುದೇ! ಮೊದಲು ರುಬ್ಬಿ ನೋಡೋಣ, ರುಬ್ಬಿದರೆ ಮಂದವಾದೀತು ಎಂದು ಹಿಡಿಯುವಷ್ಟು ಪಾಕವನ್ನು ಕುದಿಯುತ್ತಿದ್ದ ಹಾಗೆಯೇ ಮಿಕ್ಸಿಯ ಜಾರಿಗೆ ಸುರಿದೆ. ಬಿಸಿ ಪದಾರ್ಥ ಹಾಕಿ ಮುಚ್ಚಬಾರದು ಎಂದು ವಿಡಿಯೊದಾಕೆ ಹೇಳಿದ್ದಳೋ ಏನೋ. ಬುದ್ಧಿಮಾತು ಬಂದ ಕಡೆಯೆಲ್ಲ ನಾನು ವೇಗವಾಗಿ ಮುಂದಕ್ಕೆ ಓಡಿಸಿದ್ದೆ. ಮುಚ್ಚಳ ಹಾಕಿ ಗುಂಡಿ ತಿರುಗಿಸಿದೆ.

ಢಮ್!

ಮುಚ್ಚಳ ಎಗರಿ ಫ್ರಿಜ್ಜಿನ ಮೇಲೆ ಕೂತಿತು. ಸೂಪು ಮೊದಲು ಸೀಲಿಂಗಿಗೆ, ಅಲ್ಲಿಂದ ಕ್ಯಾಲೆಂಡರಿಗೆ, ಅಲ್ಲಿಂದ ನನ್ನ ಕನ್ನಡಕಕ್ಕೆ ಹಬ್ಬಿತು. ಪುಣ್ಯಕ್ಕೆ ಮೈಗೆ ಬಿಸಿ ತಾಗಲಿಲ್ಲ. ಏಪ್ರನ್ನು ಎದೆಯೊಡ್ಡಿ ನಿಂತು ಹುತಾತ್ಮವಾಯಿತು. ನನ್ನ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಸದರಿ ಘಟನೆಯು ಅರ್ಜಿದಾರನ ಸಂಪೂರ್ಣ ನಿರ್ಲಕ್ಷ್ಯದಿಂದ ಸಂಭವಿಸಿದ್ದು ಪರಿಹಾರಕ್ಕೆ ಅರ್ಹವಲ್ಲ.

ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿಸಿತು. "ಎಂಡೆ ಈಶೋಯೇ!" ನನ್ನ ಯೇಸುವೇ ಎಂದು.

ಅಡುಗೆಮನೆಯ ಕಿಟಕಿ ತೆರೆದಿತ್ತು. ಸೂಪಿನ ಒಂದು ಪಾಲು ಅಲ್ಲಿಂದ ಹೊರಗೆ ಹೋಗಿತ್ತು. ಕಿಟಕಿಯ ನೇರ ಕೆಳಗೆ ರೋಸಮ್ಮ ಚೇಚಿಯ ಬಾಲ್ಕನಿ. ಬಾಲ್ಕನಿಯ ತಂತಿಯ ಮೇಲೆ, ಮಾರನೆಯ ದಿನ ಮೊಮ್ಮಗಳ ಜ್ಞಾನಸ್ನಾನಕ್ಕೆ ಮನೆಯ ಗಂಡಸರು ಚರ್ಚಿಗೆ ಉಟ್ಟುಕೊಂಡು ಹೋಗಬೇಕಾಗಿದ್ದ ಜರಿಯಂಚಿನ ಬಿಳಿ ಪಂಚೆಗಳು, ಅಂದರೆ ಇಲ್ಲಿಯವರ ಮುಂಡುಗಳು!

ರೋಸಮ್ಮ ಚೇಚಿ, ಅಂದರೆ ರೋಸಮ್ಮಕ್ಕ, ನಿವೃತ್ತ ಹೆಡ್‌ಮಿಸ್ಟ್ರೆಸ್. ಒದ್ದೆ ಮುಂಡುಗಳನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಾಗ ನಾನು ಅರಿವಿಲ್ಲದೆಯೇ ಕೈಕಟ್ಟಿಕೊಂಡೆ. ಅವರ ಮಲಯಾಳ ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಕೊಡುತ್ತೇನೆ.

"ಏನಪ್ಪಾ ಇದು? ಅವತ್ತು ನೀರು, ಇವತ್ತು ಅರಿಶಿನ. ನಾಳೆ ಏನು ಸುರೀತೀಯಾ?"

"ಕ್ಷಮಿಸಿ ಚೇಚಿ. ನಾನೇ ಒಗೆದು ಕೊಡ್ತೀನಿ. ಮೊದಲಿದ್ದ ಹಾಗೇ ಮಾಡಿ ಕೊಡ್ತೀನಿ."

"ಮೊದಲಿದ್ದ ಹಾಗೇ?"

"ಅದಕ್ಕಿಂತ ಚೆನ್ನಾಗಿ!"

ಭರವಸೆ ಕೊಡುವುದರಲ್ಲಿ ನನಗೆ ಎಂದೂ ಜಿಪುಣತನವಿಲ್ಲ. ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಮುಂಡುಗಳನ್ನು ಅದ್ದಿ, ಕಲೆಯಾದ ಕಡೆಯೆಲ್ಲ ಸೋಪು ಹಾಕಿ ತಿಕ್ಕಿದೆ. ಅರಿಶಿನ ಸೋಪನ್ನು ಕಂಡರೆ ಹೇಗೆ ವರ್ತಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಕಣ್ಣೆದುರೇ ಹಳದಿ ಕಲೆಗಳೆಲ್ಲ ಕೆಂಪಾದವು! ಮುಂಡುಗಳ ಮೇಲೆ ಕೊಲೆ ನಡೆದಂತಿತ್ತು. ನಾನು ಬಕೆಟ್ಟನ್ನು ಬಾಗಿಲ ಮರೆಗೆ ತಳ್ಳಿ, ಬಚ್ಚಲ ಬಾಗಿಲು ಮುಚ್ಚಿ, ಒಂದು ನಿಮಿಷ ಗೋಡೆಗೆ ಒರಗಿ ನಿಂತೆ.

ಆದರೆ ಅತಿಥಿಗಳು ದಾರಿಯಲ್ಲಿದ್ದರು. ಮೊದಲು ಸೂಪು, ಆಮೇಲೆ ಮುಂಡು.

ಸೀಲಿಂಗು, ಗೋಡೆ ಒರೆಸಿದೆ. ಜಾರಿನಲ್ಲಿ ಮತ್ತು ಪಾತ್ರೆಯಲ್ಲಿ ಉಳಿದಿದ್ದನ್ನು ತಣಿಸಿ, ಈ ಸಲ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ರುಬ್ಬಿದೆ. ನುಣ್ಣಗಾಯಿತು, ಆದರೆ ನೀರು ನೀರೇ. ಮಂದವಾಗಲು ಏನಾದರೂ ಬೇಕಿತ್ತು. ಕಾರ್ನ್‌ಫ್ಲೋರ್ ಹುಡುಕಿದೆ, ಸಿಗಲಿಲ್ಲ. ಡಬ್ಬಿಗಳ ಸಾಲಿನಲ್ಲಿ ಮಾಲಿನಿ ಹಾಲಿನ ಪುಡಿಯನ್ನು ಎಲ್ಲಿಟ್ಟಿದ್ದಾಳೋ ತಿಳಿಯದೆ, ಯಾವ ಬಿಳಿ ಪುಡಿಯನ್ನೂ ಮುಟ್ಟಬಾರದು ಎಂದು ನಿರ್ಧರಿಸಿದೆ. ಆ ದಿನ ನಾನು ತೆಗೆದುಕೊಂಡ ಒಂದೇ ಒಂದು ಬುದ್ಧಿವಂತಿಕೆಯ ನಿರ್ಧಾರ ಅದು. ಅದೂ ಹೆಚ್ಚು ಹೊತ್ತು ಬಾಳಲಿಲ್ಲ.

ಕಿಟಕಿಯಿಂದ ಬಗ್ಗಿ ಕರೆದೆ: "ಚೇಚೀ, ಕಟ್ಟಿಯಾಕಾನ್ ಎಂದೆಂಗಿಲುಂ ಉಂಡೋ?" ಗಟ್ಟಿ ಮಾಡಲು ಏನಾದರೂ ಇದೆಯಾ ಎಂದು.

ಯಾವುದನ್ನು ಗಟ್ಟಿ ಮಾಡಲು ಎಂದು ನಾನು ಹೇಳಲಿಲ್ಲ. ನನ್ನ ತಲೆಯಲ್ಲಿ ಸೂಪಿತ್ತು. ಅವರ ತಲೆಯಲ್ಲಿ ಏನಿದ್ದೀತು ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು?

"ಉಂಡಲ್ಲೋ ಮೋನೇ!" ಇದೆಯಲ್ಲ ಮಗನೇ ಎಂದು. ಚೇಚಿಯ ಮುಖ ಅರಳಿತು. ನನ್ನನ್ನು ನೋಡಿ ಅವರು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ಅವರೇ ಮೆಟ್ಟಿಲು ಹತ್ತಿ ಬಂದು ಸ್ಟೀಲ್ ಡಬ್ಬಿಯೊಂದನ್ನು ಕೈಗಿತ್ತರು. ಒಳಗೆ ನಯವಾದ ಬಿಳಿ ಹಿಟ್ಟು. "ತಣ್ಣೀರಲ್ಲಿ ಕಲಸಿಕೊ. ಆಮೇಲೆ ಕುದಿಯೋದಕ್ಕೆ ಸುರಿ. ಕೈ ಬಿಡದೆ ತಿರುವು. ಹೊಳಪು ಬಂದ ಕೂಡಲೇ ಇಳಿಸು," ಎಂದರು.

"ಎಷ್ಟು ಹಾಕಲಿ ಚೇಚಿ?"

"ಚೆನ್ನಾಗಿ ಗಟ್ಟಿಯಾಗ್ಬೇಕಾ?"

"ಚೆನ್ನಾಗಿಯೇ ಆಗ್ಬೇಕು. ಮರ್ಯಾದೆ ಪ್ರಶ್ನೆ."

"ಹಾಗಾದ್ರೆ ಡಬ್ಬಿ ಪೂರ್ತಿ ಹಾಕು. ನೆಟ್ಟಗೆ ನಿಲ್ಲಬೇಕು!"

ಒಳ್ಳೆಯ ಕೆನೆ ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲಬೇಕೆಂದು ವಿಡಿಯೊದಾಕೆಯೂ ಹೇಳಿದ್ದಳು. ನಾನು ಭಕ್ತಿಯಿಂದ ತಲೆಯಾಡಿಸಿದೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಫೋನ್ ಬಂತು. ಮಾಲಿನಿ, ಮೆಲುದನಿಯಲ್ಲಿ: "ರೀ, ಕಲೂರು ಸ್ಟೇಷನ್ನಿಗೆ ಬಂದ್ವಿ. ಮನೆ ಹೇಗಿದೆ?"

"ಬ್ರಹ್ಮಾಂಡವಾಗಿದೆ!" ಎಂದು ನಾನು ಒಳಗೆ ಓಡಿದೆ.

ಹಿಟ್ಟು ಕಲಸಿ ಸುರಿದೆ. ಏನು ಹೇಳಲಿ! ತಿರುವುತ್ತಾ ತಿರುವುತ್ತಾ ಪಾತ್ರೆಯೊಳಗಿನ ನೀರು ಕಣ್ಣೆದುರೇ ರೇಷ್ಮೆಯಾಯಿತು. ಹೊಂಬಣ್ಣ, ಹೊಳಪು, ಅಂಚಿನಲ್ಲಿ ನವಿರಾದ ಗುಳ್ಳೆಗಳು. ಹಾಲಿಲ್ಲ, ಬೆಣ್ಣೆಯಿಲ್ಲ, ಗೋಡಂಬಿಯೂ ಇಲ್ಲ, ಆದರೂ ಕೆನೆ! ರುಚಿ ನೋಡಿದೆ. ರುಚಿ ಎಂಬುದೇನೂ ಇರಲಿಲ್ಲ. ಉಪ್ಪು, ಕಾಳುಮೆಣಸು ಹಾಕಿದ ಮೇಲೆ ಉಪ್ಪು, ಕಾಳುಮೆಣಸಿನ ರುಚಿ ಬಂತು. ಹೆಮ್ಮೆಯಿಂದ ಕಣ್ಣು ತುಂಬಿತು.

ಅತಿಥಿಗಳು ಬಂದರು. ತಂದೆ ಸದಾಶಿವ ರಾಯರು ಎತ್ತರದ, ಮಿತಭಾಷಿ ಮನುಷ್ಯ. ತಾಯಿ ಸುಮತಿ, ನಗುಮುಖದವರು. ಬಂದವರೇ ಅನಘಳ ಕೆನ್ನೆ ಸವರಿ ಅವಳ ಜೊತೆ ತಿರುವನಂತಪುರದ ಮಲಯಾಳದಲ್ಲಿ ಮಾತಿಗಿಳಿದರು. ನೀರು ಕೊಟ್ಟು, ಪ್ರಯಾಣ ವಿಚಾರಿಸಿ, ಗೃಹಪ್ರವೇಶದ ಕಥೆ ಕೇಳಿ, ಸುಹಾಸನ ಬಾಲ್ಯದ ಫೋಟೋಗಳನ್ನು ನೋಡಿ ಮುಗಿಸುವ ತನಕ ಸೂಪು ಒಲೆಯ ಮೇಲೆ ಸುಮ್ಮನೆ ಆರುತ್ತಾ ಕೂತಿತ್ತು. ಆರಿದಂತೆ ಅದು ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

"ಮೊದಲು ಸೂಪು!" ಎಂದು ಘೋಷಿಸಿ ಅಡುಗೆಮನೆಗೆ ಹೋದೆ. ಸೌಟು ಎತ್ತಿದೆ. ಸೌಟಿನ ಜೊತೆಗೆ ಪಾತ್ರೆಯೂ ಎದ್ದಿತು!

ಪಾತ್ರೆಯನ್ನು ಮೊಣಕೈಯಿಂದ ಒತ್ತಿ ಹಿಡಿದು ಸೌಟನ್ನು ಕಿತ್ತೆ. ಬಟ್ಟಲಿಗೆ ಬಗ್ಗಿಸಿದರೆ ಬೀಳಲೊಲ್ಲದು. ಕೊಡವಿದೆ. ಒಂದು ಉಂಡೆ "ಪ್ಲಪ್" ಎಂದು ಬಿತ್ತು. ಬಿದ್ದ ಮೇಲೂ ಅದರಿಂದ ಸೌಟಿನ ತನಕ ಉದ್ದಕ್ಕೂ ಎಳೆ. ಕತ್ತರಿಯಿಂದ ಕತ್ತರಿಸಿದೆ. ಕತ್ತರಿಸಿದ್ದನ್ನು ಯಾರೂ ನೋಡಲಿಲ್ಲ.

ಬಟ್ಟಲುಗಳನ್ನು ಮೇಜಿಗೆ ತಂದಿಟ್ಟೆ. ಮಾಲಿನಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ರಾಯರು ಬಟ್ಟಲನ್ನು ಓರೆ ಮಾಡಿದರು. ಸೂಪು ಓರೆಯಾಗಲಿಲ್ಲ.

"ಇದು ಕುಡಿಯುವುದಾ, ಕತ್ತರಿಸುವುದಾ ಮಾರಾಯ್ರೇ?" ಎಂದು ಅವರು ತುಂಬಾ ವಿನಯದಿಂದ ಕೇಳಿದರು.

"ನೀವು ಸುಮ್ಮನೆ ಇರಿ," ಎಂದರು ಸುಮತಿ. ನನ್ನ ಕಡೆ ತಿರುಗಿ, "ಇದರಲ್ಲಿ ಹಾಲು ಎಂತದೂ ಇಲ್ಲ ಅಲ್ವಾ?" ಎಂದು ಕೇಳಿದರು.

"ಒಂದು ಹನಿಯೂ ಇಲ್ಲಮ್ಮ. ಅದಕ್ಕೆ ನಾನು ಗ್ಯಾರಂಟಿ."

ಅವರು ಚಮಚ ಎತ್ತಿ ಬಾಯಿಗಿಟ್ಟರು. ಸ್ವಲ್ಪ ಹೊತ್ತು ಜಗಿದರು. "ಚಂದ ಉಂಟು," ಎಂದರು. "ನನಗೆ ಅಂತ ಬೇರೆ ಮಾಡುವವರು ಯಾರಿದ್ದಾರೆ? ಎಲ್ಲಿ ಹೋದರೂ ನಿಮಗೆ ಆಗುವುದಿಲ್ಲ ಅಲ್ವಾ, ಹಾಗಾದ್ರೆ ಅನ್ನ ಸಾರು ಉಣ್ಣಿ ಅಂತಾರೆ. ಇಷ್ಟು ಕಷ್ಟಪಟ್ಟು ಸೂಪು ಮಾಡಿದ್ದೀರಿ." ಹೀಗೆಂದು ಮತ್ತೊಂದು ಚಮಚ ತೆಗೆದುಕೊಂಡರು. ನನ್ನ ಎದೆ ಉಬ್ಬಿತು. ರೂಪ ಹೇಗಾದರೂ ಇರಲಿ, ಸೂಪು ಗೆದ್ದಿತ್ತು!

ಆಗ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ರೋಸಮ್ಮ ಚೇಚಿ. ಅತಿಥಿಗಳಿಗೆ ಕೈ ಮುಗಿದು, ನನ್ನನ್ನು ಕೇಳಿದರು: "ಮೋನೇ, ಮುಂಡಿಗೆ ಪಶ ಹಾಕಿ ಆಯ್ತಾ? ಆಗಿದ್ರೆ ಡಬ್ಬಿ ಕೊಡು."

ಪಶ ಅಂದರೆ ಅಂಟು ಎಂದು ನನಗೆ ಗೊತ್ತಿತ್ತು. ಮುಂಡಿಗೆ ಪಶ ಅಂದರೆ? ನಿಧಾನವಾಗಿ, ಬಹಳ ನಿಧಾನವಾಗಿ, ಅರ್ಥ ನನ್ನ ತಲೆಯೊಳಗೆ ಇಳಿಯಿತು. ಬಟ್ಟೆಗೆ ಹಾಕುವ ಗಂಜಿ!

"ಯಾವ ಡಬ್ಬಿ ರೀ?" ಎಂದಳು ಮಾಲಿನಿ.

ನಾನು ಮೇಜಿನ ಕಡೆ ನೋಡಿದೆ. ಎಲ್ಲರೂ ನನ್ನ ನೋಟದ ಹಿಂದೆಯೇ ಹೋಗಿ ಸೂಪಿನ ಬಟ್ಟಲುಗಳನ್ನು ನೋಡಿದರು.

"ಅಯ್ಯೋ," ಎಂದು ಸುಮತಿ ಚಮಚ ಕೆಳಗಿಟ್ಟರು. ಅವರ ಕೈ ಗಂಟಲಿಗೆ ಹೋಯಿತು. ಮುಖದ ನಗು ಮಾಯವಾಗಿತ್ತು. "ಆ ಹುಡಿಯಲ್ಲಿ ಎಂತೆಂತ ಉಂಟು? ಹಾಲಿನ ಹುಡಿ ಗಿಡಿ ಸೇರಿಸಿದ್ದಾರಾ?"

ರಾಯರು ಆಗಲೇ ಎದ್ದು ಹೆಂಡತಿಯ ಕೈಚೀಲದಲ್ಲಿ ಮಾತ್ರೆ ತಡಕುತ್ತಿದ್ದರು. ಮಾಲಿನಿ ನೀರಿಗೆ ಓಡಿದಳು. ನಾನು ಕುರ್ಚಿ ಹಿಡಿದುಕೊಂಡೆ. ಗ್ಯಾರಂಟಿ ಕೊಟ್ಟವನು ನಾನು. ಡಬ್ಬಿಯಲ್ಲಿ ಏನಿತ್ತೆಂದು ಒಂದು ಮಾತು ಕೇಳದವನೂ ನಾನೇ. ಈ ತಾಯಿಗೆ ಏನಾದರೂ ಆದರೆ ತಂಗಿಗೆ ಯಾವ ಮುಖ ತೋರಿಸಲಿ? ಮದುವೆ ಹಾಳಾಗಿ ಹೋಗಲಿ, ಇವರು ಸರಿಯಾಗಿದ್ದರೆ ಸಾಕು ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಚೇಚೀ, ಅದರಲ್ಲಿ ಹಾಲಿದೆಯಾ?" ಎಂದು ಕಿರುಚಿದೆ.

ಚೇಚಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಪಾಲೋ? ಮುಂಡಿನ್ ಆರೆಂಗಿಲುಂ ಪಾಲ್ ಕೊಡುಕ್ಕುಮೋ?"

ಮುಂಡಿಗೆ ಯಾರಾದರೂ ಹಾಲು ಕುಡಿಸುತ್ತಾರಾ ಎಂದು!

ಮಲಯಾಳ ಬಲ್ಲ ಸುಮತಿಯೇ ಮುಂದಿನ ಪ್ರಶ್ನೆಗಳನ್ನು ಕೇಳಿದರು. ಚೇಚಿ ಒಂದೊಂದಕ್ಕೂ ಹೆಡ್‌ಮಿಸ್ಟ್ರೆಸ್ಸಿನ ಗಾಂಭೀರ್ಯದಿಂದ ಉತ್ತರ ಕೊಟ್ಟರು. ಅಂಗಡಿಯ ಪುಡಿ ಬಟ್ಟೆ ಹಾಳುಮಾಡುತ್ತದೆಂದು ಅವರು ಕಪ್ಪ, ಅಂದರೆ ಮರಗೆಣಸನ್ನು ತುರಿದು, ಹಿಂಡಿ, ಬಿಸಿಲಲ್ಲಿ ಒಣಗಿಸಿ ತಾವೇ ಹಿಟ್ಟು ಮಾಡುವುದು. ಅದಕ್ಕೆ ಬೇರೆ ಏನೂ ಸೇರಿಸುವುದಿಲ್ಲ. ಅದೇ ಹಿಟ್ಟಿನಲ್ಲಿ ದೊಡ್ಡ ಮೊಮ್ಮಕ್ಕಳಿಗೆ ಕುರುಕಲು ತಿಂಡಿಯನ್ನೂ ಮಾಡುತ್ತಾರೆ. ಬರೀ ಮರಗೆಣಸು!

ಸುಮತಿ ಗಂಟಲಿನಿಂದ ಕೈ ತೆಗೆದರು. ನೀರು ಕುಡಿದರು. ಎಲ್ಲರೂ ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಾ ಕೂತೆವು. ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆವು. ಆಗಲೂ ಏನೂ ಆಗಲಿಲ್ಲ. ಆಗದೆ ಇರುವುದು ಎಂಥ ಸುಖ ಎಂದು ನನಗೆ ಅಂದು ಗೊತ್ತಾಯಿತು.

ಆಮೇಲೆ ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗು! "ನನ್ನ ಹೊಟ್ಟೆಗೆ ಇವರು ಗಂಜಿ ಹಾಕಿದರಲ್ಲ!" ಎಂದು ಮೇಜು ತಟ್ಟಿ ನಕ್ಕರು.

"ಇನ್ನು ಇಸ್ತ್ರಿ ಒಂದು ಬಾಕಿ," ಎಂದರು ರಾಯರು, ಮಾತ್ರೆಯನ್ನು ಚೀಲಕ್ಕೆ ಮರಳಿ ಹಾಕುತ್ತಾ. ಮಾಲಿನಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅನಘಳಂತೂ ಸೋಫಾದ ಮೇಲೆ ಉರುಳಾಡಿ ನಕ್ಕಳು. ನನಗೆ ನಗುವಷ್ಟು ತ್ರಾಣ ಇರಲಿಲ್ಲ. ಮೆಲ್ಲನೆ ಕುರ್ಚಿಯಲ್ಲಿ ಕುಸಿದು ಯಾರದೋ ಲೋಟದ ನೀರನ್ನು ಗಟಗಟ ಕುಡಿದೆ.

"ಅದೆಲ್ಲ ಸರಿ, ಮುಂಡು ಎಲ್ಲಿ?" ಎಂದು ರೋಸಮ್ಮ ಚೇಚಿ ಕೇಳಿದರು.

ನಾನು ಏಳುವುದರೊಳಗೆ ಅವರು ಬಚ್ಚಲ ಬಾಗಿಲು ತೆರೆದಿದ್ದರು. ಈ ಸಲದ "ಎಂಡೆ ಈಶೋಯೇ" ಹಿಂದಿನದಕ್ಕಿಂತ ದೀರ್ಘವಾಗಿತ್ತು.

ಎಲ್ಲರೂ ಬಚ್ಚಲ ಮುಂದೆ ಸೇರಿದರು. ಹುಡುಗನ ತಂದೆ ತಾಯಿಗೆ ನಮ್ಮ ಮನೆಯ ಯಾವ ಭಾಗವನ್ನು ತೋರಿಸಬಾರದೆಂದು ಮಾಲಿನಿ ವಾರದಿಂದ ಯೋಚಿಸಿದ್ದಳೋ, ನಮ್ಮ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ಸಮೇತ ಆ ಭಾಗವೇ ಈಗ ಸಭಾಂಗಣವಾಯಿತು. ಸುಮತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಮುಂಡನ್ನು ಎತ್ತಿ ನೋಡಿದರು.

"ಅರಿಶಿನಕ್ಕೆ ಸೋಪು ಹಾಕಿದರೆ ಕೆಂಪಾಗುವುದೇ. ಹೆದರಬೇಡಿ. ಲಿಂಬೆ ಉಂಟಾ?" ಎಂದು ಮಾಲಿನಿಯನ್ನು ಕೇಳಿ, ಚೇಚಿಗೆ ಮಲಯಾಳದಲ್ಲಿ ಅದನ್ನೇ ವಿವರಿಸಿದರು.

ಆಮೇಲೆ ನಡೆದದ್ದನ್ನು ನಾನು ದೂರದಿಂದ ನೋಡಿದೆ. ಏಕೆಂದರೆ ನನ್ನನ್ನು ಹತ್ತಿರ ಬಿಡಲಿಲ್ಲ. ಮೂವರು ಹೆಂಗಸರೂ ಸೇರಿ ಮುಂಡುಗಳನ್ನು ಜಾಲಾಡಿ, ಲಿಂಬೆರಸ ಹಿಂಡಿ, ತಾರಸಿಗೆ ಕೊಂಡೊಯ್ದು ಸುಡು ಬಿಸಿಲಿನಲ್ಲಿ ಒದ್ದೆಯಾಗಿಯೇ ಹರವಿದರು. ಮೇಲಿಂದ ಅವರ ನಗು ಕೇಳಿಸುತ್ತಿತ್ತು. ನಡುನಡುವೆ "ಸೂಪ್" ಎಂಬ ಪದವೂ ಕೇಳಿಸುತ್ತಿತ್ತು. ಕೆಂಪು ಮೊದಲು ಹಳದಿಯಾಯಿತು, ಊಟ ಮುಗಿಯುವ ಹೊತ್ತಿಗೆ ಹಳದಿಯೂ ಮಾಸಿತು, ಸಂಜೆಯ ಹೊತ್ತಿಗೆ ಕಲೆ ಇದ್ದ ಜಾಗ ಯಾವುದೆಂದು ಚೇಚಿಯೇ ಹುಡುಕಬೇಕಾಯಿತು. ಗಂಜಿಗೆ ಮಾತ್ರ ಹಿಟ್ಟಿರಲಿಲ್ಲ. ಬೇಕಾದರೆ ಉಳಿದ ಸೂಪು ಇದೆ ಎಂದರು ರಾಯರು. ಚೇಚಿ ಅದನ್ನು ಗಂಭೀರವಾಗಿ ಪರಿಶೀಲಿಸಿ, ಅರಿಶಿನದ ಜೊತೆ ಕಾಳುಮೆಣಸೂ ಇರುವುದರಿಂದ ಬೇಡವೆಂದು ತಿರಸ್ಕರಿಸಿದರು.

ಊಟಕ್ಕೆ ಚೇಚಿಯನ್ನೂ ಕೂರಿಸಿಕೊಂಡೆವು. ಮಾಲಿನಿಯ ಬಿಸಿಬೇಳೆಬಾತನ್ನು ಸುಮತಿ ಎರಡು ಸಲ ಹಾಕಿಸಿಕೊಂಡರು, ಪಾಯಸವನ್ನು ಲೋಟದಲ್ಲಿ ಕುಡಿದರು. ಹೊರಡುವಾಗ ಮಾಲಿನಿಯ ಕೈಗಳನ್ನು ಹಿಡಿದುಕೊಂಡು ಏನೋ ಹೇಳಿದರು. ನನಗೆ ಕೈ ಮುಗಿದರು, ಆದರೆ ನಗು ತಡೆಯಲಾರದೆ ಬೇಗ ಲಿಫ್ಟಿನೊಳಗೆ ಹೋದರು.

ಮಾರನೆಯ ದಿನ ಸಂಜೆ ತಿರುವನಂತಪುರದಿಂದ ವಿದ್ಯಾಳ ಫೋನು. ನಾನು ಹೆದರಿಕೊಂಡೇ ಎತ್ತಿದೆ.

"ಅಣ್ಣ, ಅವರು ಒಪ್ಪಿದ್ರು!" ಅವಳ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. "ನಮ್ಮ ಮನೆ ತುಂಬಾ ಹಿಡಿಸಿತಂತೆ. ತಿಂಗಳೊಳಗೆ ಮೈಸೂರಿಗೆ ಹೋಗಿ ಅಮ್ಮನ್ನ ನೋಡ್ತಾರಂತೆ."

ನನ್ನ ಎದೆಯ ಮೇಲಿನ ಭಾರ ಇಳಿದು, ಆ ಜಾಗಕ್ಕೆ ಹಳೆಯ ಹುರುಪು ಮರಳಿ ಬಂತು. ನಾನು ಗಂಟಲು ಸರಿಮಾಡಿಕೊಂಡೆ. "ನೋಡಿದ್ಯಾ? ಏನೇ ಆಗಲಿ, ಸೂಪಿನ ಹಿಂದಿನ ಮನಸ್ಸು ಅವರಿಗೆ ಅರ್ಥವಾಯ್ತು. ನನ್ನ ಬಗ್ಗೆ ಏನಂದ್ರು?"

"ಅದನ್ನ ಬಿಡು ಅಣ್ಣ."

"ಹೇಳೇ, ಪರವಾಗಿಲ್ಲ."

"ಸುಹಾಸನ ಅಮ್ಮ ಹೇಳಿದ್ರಂತೆ," ಎಂದಳು ತಂಗಿ, "ನಮ್ಮ ಮಗ ಸ್ವಲ್ಪ ತಿಕ್ಕಲು, ಸಂಭಾಳಿಸುವ ಹುಡುಗಿ ಸಿಗ್ತಾಳೋ ಇಲ್ಲವೋ ಅಂತ ನನಗೆ ಚಿಂತೆ ಇತ್ತು. ಇಂಥ ಅಣ್ಣನ ಜೊತೆ ಬೆಳೆದವಳಿಗೆ ತಾಳ್ಮೆ ಎಷ್ಟು ಇರ್ಬೇಕು! ಇನ್ನು ಎಂತದೂ ವಿಚಾರಿಸುವುದು ಬೇಡ, ಇವಳೇ ಆಗ್ಬಹುದು ಅಂತ."